ಉತ್ತರ ಐರ್ಲೆಂಡಿನ ಪ್ರಥಮ ಚುನಾವಣೆಯೂ ಪ್ರಮಾಣಾನುಸಾರ ಪ್ರಾತಿನಿಧ್ಯವೂ

೧

ಮೀಮಾಂಸಾಶಾಸ್ತ್ರದಲ್ಲಿ ‘ಭೂಯಸಾಂ ನ್ಯಾಯ’ವೆಂಬುದೊಂದುಂಟು. ಪರಸ್ಪರ ವಿರುದ್ಧವಾದ ಧರ್ಮಗಳು ಒಂದೇ ಕಡೆಯಲ್ಲಿ ಪ್ರಾಪ್ತವಾದಾಗ, ಯಾವ ಪಕ್ಷದಲ್ಲಿ ಸಂಖ್ಯೆ ಹೆಚ್ಚೋ ಆ ಪಕ್ಷದ ಧರ್ಮವೇ ನಡೆಯತಕ್ಕದ್ದೆಂಬುದು ಅದರ ತಾತ್ಪರ್ಯ. ಯಜ್ಞಕರ್ಮಗಳ ಸಂದೇಹಪರಿಹಾರಕ್ಕಾಗಿ ಹುಟ್ಟಿದ ಈ ನ್ಯಾಯವು ಇಂದಿನ ಪ್ರಜಾಪ್ರಭುತ್ವಕ್ಕೂ ಒಪ್ಪುವಂತಹುದೇ ಸರಿ. ಹತ್ತು ಮಂದಿಯ ಸಭೆಯಲ್ಲಿ ಆರು ಮಂದಿಯ ಮಾತು ನಡೆಯಬೇಕಲ್ಲದೆ ನಾಲ್ಕು ಮಂದಿಯ ಮಾತು ನಡೆಯಲಾರದು. ಆದರೆ ನಿರ್ಣಯವಾಗುವಾಗ ಹೆಚ್ಚಿನವರ ಮಾತು ಗೆಲ್ಲಬೇಕೆಂಬುದು ಒಂದು. ನಿರ್ಣಯ ಮಾಡುವ ಸಭೆಯಲ್ಲಿ ಹೆಚ್ಚಿನವರು ಮಾತ್ರವೇ ಕುಳಿತಿರಬೇಕೆಂಬುದು ಮತ್ತೊಂದು. ಮೊದಲನೆಯದು ನ್ಯಾಯ; ಎರಡನೆಯದು ನ್ಯಾಯದ ವೇಷ ಧರಿಸಿದ ಬಲ. ಈ ಎರಡನ್ನೂ ಒಂದೆಂದೆಣಿಸಿದ ರಾಜ್ಯಗಳು ಅದರ ಫಲವನ್ನು ಬಹುಕಾಲ ಅನುಭವಿಸಿವೆ.

ಇದಕ್ಕೆ ನಿದರ್ಶನವನ್ನು ದೊಡ್ಡ ರಾಷ್ಟ್ರಗಳ ಚರಿತ್ರೆಯಲ್ಲಿಯೇ ಹುಡುಕಬೇಕಾಗಿಲ್ಲ. ಸ್ಥಾಲೀಪುಲಾಕನ್ಯಾಯದಂತೆ, ಆರು ಜಿಲ್ಲೆಗಳ ಒಂದು ಸಣ್ಣ ಪ್ರಾಂತದ ಕಥೆಯೇ ಸಾಕು. ಆ ಪ್ರಾಂತವು ಉತ್ತರ ಐರ್ಲೆಂಡು. ೧೯೨೧ನೆಯ ಇಸವಿ ಮೇ ತಿಂಗಳ ೨೪ನೆಯ ತಾರೀಖಿನಂದು ಅಲ್ಲಿಯ ಪ್ರಥಮ ಪಾರ್ಲಿಮೆಂಟಿಗೆ ನಡೆದ ಚುನಾವಣೆ, ಅದರಲ್ಲಿ ಅನುಸರಿಸಿದ ಎಣಿಕೆಯ ಕ್ರಮ, ಎಂಟು ವರ್ಷಗಳ ಮೇಲೆ ಆ ಕ್ರಮವನ್ನು ತೆಗೆದುಹಾಕಿದ ಬಗೆ, ಮತ್ತೆ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದನ್ನೇ ಹುಡುಕಿಕೊಂಡು ಹೋಗಬೇಕಾಗಿ ಬಂದ ಬಗೆ—ಇವು ವಿಚಾರಪರರಿಗೆ ಮನನಯೋಗ್ಯವಾದ ಸಂಗತಿಗಳು.

೨

ಮೊದಲು ಎಣಿಕೆಯ ಕ್ರಮವೇನೆಂಬುದನ್ನು ತಿಳಿದರೆ ಮುಂದಿನ ಕಥೆ ಸುಲಭವಾದೀತು. ದಿವಾಳಿಯೆದ್ದವನ ಆಸ್ತಿಯನ್ನು ಸಾಲ ಕೊಟ್ಟವರು ತಮ್ಮ ತಮ್ಮ ಬಾಕಿಗೆ ತಕ್ಕಂತೆ ದಾಮಾಷಾ ಪ್ರಕಾರ ಹಂಚಿಕೊಳ್ಳುವುದುಂಟು. ಹೆಚ್ಚು ಸಾಲ ಕೊಟ್ಟವನೇ ಎಲ್ಲವನ್ನೂ ಕೊಂಡೊಯ್ದರೆ ಅದನ್ನು ಯಾರೂ ನ್ಯಾಯವೆನ್ನರು. ಆದರೆ ಒಂದು ಕ್ಷೇತ್ರಕ್ಕೆ ಒಬ್ಬನೇ ಪ್ರತಿನಿಧಿ ಎಂಬ ಪದ್ಧತಿಯಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಸಾವಿರ ಮತಗಳಲ್ಲಿ ೬೨೦ನ್ನು ಒಂದು ಪಕ್ಷವೂ ೩೮೦ನ್ನು ಇನ್ನೊಂದು ಪಕ್ಷವೂ ಪಡೆಯುವ ನಾಲ್ಕು ಕ್ಷೇತ್ರಗಳಿದ್ದರೆ, ನಾಲ್ಕು ಸ್ಥಾನಗಳೂ ಮೊದಲನೆಯ ಪಕ್ಷಕ್ಕೇ ಸಲ್ಲುವುವು. ೩೮೦ರ ಪಕ್ಷಕ್ಕೆ ಶೂನ್ಯ.

ಈ ದೋಷಕ್ಕೆ ಪರಿಹಾರವನ್ನು ಡೆನ್ಮಾರ್ಕಿನಲ್ಲಿ ಕಾರ್ಲ್ ಆಂಡ್ರೇ ಎಂಬವನು ೧೮೫೫ರಲ್ಲಿ ಆಚರಣೆಗೆ ತಂದನು. ಇಂಗ್ಲೆಂಡಿನಲ್ಲಿ ಟಾಮಸ್ ಹೇರ್ ಎಂಬ ನ್ಯಾಯವಾದಿಯು ಸ್ವತಂತ್ರವಾಗಿ ಅಂತಹುದೇ ಯೋಜನೆಯನ್ನು ೧೮೫೭ರಿಂದ ಪ್ರತಿಪಾದಿಸಿದನು. ಲಂಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯಲ್ಲಿ ೧೮೨೩ರಿಂದ ೧೮೫೮ರ ವರೆಗೆ ಉದ್ಯೋಗದಲ್ಲಿದ್ದ ತತ್ತ್ವಜ್ಞ ಜಾನ್ ಸ್ಟೂಅರ್ಟ್ ಮಿಲ್ಲನು ಹೇರನ ಯೋಜನೆಯನ್ನು ಮುಕ್ತಕಂಠದಿಂದ ಕೊಂಡಾಡಿದನು. ೧೮೬೮ರಲ್ಲಿ ಹೆನ್ರಿ ಡ್ರೂಪ್ ಎಂಬವನು ಗೆಲುವಿಗೆ ಬೇಕಾದ ಮತಸಂಖ್ಯೆಯನ್ನು ಗೊತ್ತುಮಾಡುವ ಸೂತ್ರವೊಂದನ್ನು ಸೂಚಿಸಿದನು. ಅದರ ಪ್ರಕಾರ, ಚಲಾವಣೆಯಾದ ಮತಗಳನ್ನು ಸ್ಥಾನಗಳ ಸಂಖ್ಯೆಗಿಂತ ಒಂದು ಹೆಚ್ಚಾದ ಸಂಖ್ಯೆಯಿಂದ ಭಾಗಿಸಿ, ಬಂದ ಲಬ್ಧಕ್ಕೆ ಒಂದನ್ನು ಕೂಡಿಸಬೇಕು. ನಾಲ್ಕು ಸ್ಥಾನಗಳಿಗೆ ಸಾವಿರ ಮತಗಳಾದರೆ, ಐದರಿಂದ ಭಾಗಿಸಿ ೨೦೦, ಅದಕ್ಕೆ ಒಂದು ಕೂಡಿ ೨೦೧. ಇಷ್ಟು ಮತ ಪಡೆದವನು ಗೆದ್ದನು.

ಮತದಾರನು ಉಮೇದುವಾರರ ಹೆಸರುಗಳ ಮುಂದೆ ೧, ೨, ೩ ಎಂದು ತನ್ನ ಇಷ್ಟದ ಕ್ರಮವನ್ನು ಗುರುತುಮಾಡುತ್ತಾನೆ. ಅವನಿಗಿರುವ ಮತ ಒಂದೇ. ಆದರೆ ಅದು ವ್ಯರ್ಥವಾಗದೆ ಮುಂದಕ್ಕೆ ಸಾಗುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹರಿಯುವಂತೆ, ಗೆದ್ದವನ ಹೆಚ್ಚಿನ ಮತಗಳು ಆ ಮತದಾರರೇ ಸೂಚಿಸಿದ ಎರಡನೆಯವನಿಗೆ ಹರಿಯುತ್ತವೆ. ತೀರ ಕಡಮೆ ಮತ ಪಡೆದವನನ್ನು ಕಣದಿಂದ ತೆಗೆದು ಅವನ ಮತಗಳನ್ನೂ ಹಾಗೆಯೇ ಹಂಚುತ್ತಾರೆ. ಹಿಂದಿನ ಉದಾಹರಣೆಯಲ್ಲಿ ೬೨೦ರ ಪಕ್ಷಕ್ಕೆ ಮೂರು ಸ್ಥಾನಗಳೂ ೩೮೦ರ ಪಕ್ಷಕ್ಕೆ ಒಂದು ಸ್ಥಾನವೂ ದೊರೆಯುವುವು. ಬಹುಸಂಖ್ಯಾತರ ಆಡಳಿತಕ್ಕೆ ಇದರಿಂದ ಕುಂದಿಲ್ಲ. ಅಲ್ಪಸಂಖ್ಯಾತರ ಧ್ವನಿಯೂ ಅಡಗಲಿಲ್ಲ.

ಈ ಕ್ರಮವು ಭಾರತೀಯರಿಗೆ ಅಪರಿಚಿತವಲ್ಲ. ೧೯೪೬ರಲ್ಲಿ ಪ್ರಾಂತಗಳ ಶಾಸನಸಭೆಗಳು ಸಂವಿಧಾನ ರಚನಾ ಸಭೆಗೆ ಸದಸ್ಯರನ್ನು ಆರಿಸಿದುದು ಹೀಗೆಯೇ. ರಾಷ್ಟ್ರಪತಿಯ ಆಯ್ಕೆಯೂ, ಕರ್ನಾಟಕದ ವಿಧಾನಸಭೆಯ ಸದಸ್ಯರು ರಾಜ್ಯಸಭೆಗೆ ಪ್ರತಿನಿಧಿಗಳನ್ನು ಕಳುಹಿಸುವುದೂ ಈ ಪದ್ಧತಿಯಿಂದಲೇ. ಸಾಮಾನ್ಯ ಮತದಾರನ ಕೈಗೆ ಮಾತ್ರ ಇದು ಇಲ್ಲಿ ಬರಲಿಲ್ಲ.

೩

ಐರ್ಲೆಂಡಿನ ಈಶಾನ್ಯಭಾಗವಾದ ಅಲ್‌ಸ್ಟರಿನಲ್ಲಿ ಹದಿನೇಳನೆಯ ಶತಮಾನದ ಆದಿಯಿಂದ ಸ್ಕಾಟ್ಲೆಂಡು, ಇಂಗ್ಲೆಂಡುಗಳ ಪ್ರಾಟೆಸ್ಟೆಂಟರು ಬಂದು ನೆಲಸಿದರು. ಭೂಮಿಯನ್ನು ಕಳೆದುಕೊಂಡ ಸ್ಥಳೀಯರು ಕ್ಯಾಥೊಲಿಕರು. ಮುನ್ನೂರು ವರ್ಷಗಳ ತರುವಾಯವೂ ಈ ಭೇದವು ಅಳಿಯಲಿಲ್ಲ. ಬ್ರಿಟನ್ನಿನೊಡನೆ ಐಕ್ಯವನ್ನು ಬಯಸುವ ಯೂನಿಯನಿಸ್ಟರಲ್ಲಿ ಬಹುಮಂದಿ ಪ್ರಾಟೆಸ್ಟೆಂಟರು. ಅಖಂಡ ಐರ್ಲೆಂಡಿನ ಸ್ವಾತಂತ್ರ್ಯವನ್ನು ಬಯಸುವವರಲ್ಲಿ ಬಹುಮಂದಿ ಕ್ಯಾಥೊಲಿಕರು. ೧೯೧೮ರ ಚುನಾವಣೆಯಲ್ಲಿ ಸ್ವಾತಂತ್ರ್ಯವಾದಿಯಾದ ಷಿನ್ ಫೇನ್ ಪಕ್ಷವು ಐರ್ಲೆಂಡಿನ ೧೦೫ ಸ್ಥಾನಗಳಲ್ಲಿ ೭೩ನ್ನು ಗೆದ್ದಿತು. ಅದರ ಬೆನ್ನಲ್ಲೇ ಯುದ್ಧವು ಆರಂಭವಾಯಿತು. ಬ್ರಿಟಿಷ್ ಸರ್ಕಾರವು ೧೯೨೦ರ ಐರ್ಲೆಂಡ್ ಆಡಳಿತ ಶಾಸನದಿಂದ ದ್ವೀಪವನ್ನು ಎರಡಾಗಿ ವಿಭಾಗಿಸಿ, ಎರಡು ಭಾಗಗಳಿಗೂ ಪ್ರತ್ಯೇಕ ಪಾರ್ಲಿಮೆಂಟುಗಳನ್ನು ಏರ್ಪಡಿಸಿತು. ಆಂಟ್ರಿಮ್, ಡೌನ್, ಆರ್ಮಾ, ಲಂಡನ್‌ಡೆರಿ, ಟೈರೋನ್, ಫರ್ಮಾನಾ ಎಂಬ ಆರು ಜಿಲ್ಲೆಗಳು ಉತ್ತರ ಐರ್ಲೆಂಡೆನಿಸಿದುವು. ಅಲ್ಲಿ ಕ್ಯಾಥೊಲಿಕರು ಸುಮಾರು ಮೂರರಲ್ಲೊಂದು ಪಾಲು.

ಉತ್ತರದಲ್ಲಿ ಕ್ಯಾಥೊಲಿಕರಿಗೂ ದಕ್ಷಿಣದಲ್ಲಿ ಪ್ರಾಟೆಸ್ಟೆಂಟರಿಗೂ ರಕ್ಷಣೆಯಾಗಿರಲೆಂದು, ಎರಡು ಪಾರ್ಲಿಮೆಂಟುಗಳ ಚುನಾವಣೆಯೂ ಪ್ರಮಾಣಾನುಸಾರವಾಗಿ ನಡೆಯತಕ್ಕದ್ದೆಂದು ಆ ಶಾಸನವು ವಿಧಿಸಿತು. ಈ ಏರ್ಪಾಡನ್ನು ಮೂರು ವರ್ಷಗಳವರೆಗೆ ಪಾರ್ಲಿಮೆಂಟು ಮುಟ್ಟಕೂಡದು. ಆಮೇಲೆ ಬದಲಾಯಿಸಲು ಅಧಿಕಾರವುಂಟು ಎಂದೂ ಸೇರಿಸಿತು. ರಕ್ಷೆಯ ತಾಯಿತವನ್ನು ಕಟ್ಟಿ ಅದರ ದಾರದ ತುದಿಯನ್ನು ಬಲಿಷ್ಠನ ಕೈಗೆ ಕೊಟ್ಟಂತಾಯಿತು ಈ ವಿಧಿ.

ಐವತ್ತೆರಡು ಸ್ಥಾನಗಳಿಗೆ ಹತ್ತು ಕ್ಷೇತ್ರಗಳು. ಬೆಲ್‌ಫಾಸ್ಟ್ ನಗರದ ನಾಲ್ಕು ಕ್ಷೇತ್ರಗಳಿಗೆ ನಾಲ್ಕು ನಾಲ್ಕು, ಡೌನ್ ಜಿಲ್ಲೆಗೆ ಎಂಟು, ಟೈರೋನ್ ಫರ್ಮಾನಾಗಳಿಗೆ ಕೂಡಿ ಎಂಟು, ಆಂಟ್ರಿಮಿಗೆ ಏಳು, ಲಂಡನ್‌ಡೆರಿಗೆ ಐದು, ಆರ್ಮಾಕ್ಕೆ ನಾಲ್ಕು, ಕ್ವೀನ್ಸ್ ವಿಶ್ವವಿದ್ಯಾಲಯದ ಪದವೀಧರರಿಗೆ ನಾಲ್ಕು. ಷಿನ್ ಫೇನಿನವರೂ, ಜೋಸೆಫ್ ಡೆವ್ಲಿನ್ನನ ನಾಯಕತ್ವದ ಹಳೆಯ ರಾಷ್ಟ್ರೀಯ ಪಕ್ಷದವರೂ ತಮ್ಮೊಳಗೆ ಒಪ್ಪಂದ ಮಾಡಿಕೊಂಡು, ಮುಂದಿನ ಪ್ರಾಶಸ್ತ್ಯಗಳನ್ನು ಒಬ್ಬರಿಗೊಬ್ಬರು ಕೊಡಿಸಲು ಯತ್ನಿಸಿದರು. ಗೆದ್ದರೂ ಬೆಲ್‌ಫಾಸ್ಟಿನ ಪಾರ್ಲಿಮೆಂಟಿನಲ್ಲಿ ಕೂರುವುದಿಲ್ಲವೆಂಬುದು ಇಬ್ಬರ ಪ್ರತಿಜ್ಞೆಯೂ ಆಗಿತ್ತು. ಬೆದರಿಕೆ, ಹೊಡೆದಾಟಗಳ ನಡುವೆ ಪ್ರಚಾರ ಸಾಗಿತು. ಎರಡು ಮತಗಳ ಕೂಲಿಗಾರರಿಗೂ ಸಮಾನವಾದ ಹಿತವನ್ನು ಹೇಳಹೊರಟ ಕಾರ್ಮಿಕ ಉಮೇದುವಾರರು ಬೆಲ್‌ಫಾಸ್ಟಿನಲ್ಲಿ ಸಭೆ ನಡೆಸುವುದೇ ಅಸಾಧ್ಯವಾಯಿತು.

ಆ ತಿಂಗಳ ೫ನೆಯ ತಾರೀಖಿನಂದು ಒಂದು ವಿಶೇಷ ನಡೆಯಿತು. ಯೂನಿಯನಿಸ್ಟರ ನಾಯಕನಾದ ಸರ್ ಜೇಮ್ಸ್ ಕ್ರೇಗನು ಡಬ್ಲಿನ್ನಿಗೆ ಹೋಗಿ, ತಲೆಮರೆಸಿಕೊಂಡಿದ್ದ ಷಿನ್ ಫೇನ್ ನಾಯಕ ಏಮನ್ ಡಿ ವಲೇರಾನನ್ನು ರಹಸ್ಯವಾಗಿ ಸಂಧಿಸಿದನು. ಮಾತುಕತೆ ಫಲಿಸಲಿಲ್ಲ. ಆದರೆ ಇನ್ನು ಮೂರು ವಾರಗಳೊಳಗೆ ಇಬ್ಬರೂ ಒಂದೇ ಕ್ಷೇತ್ರದಿಂದ ಆರಿಸಲ್ಪಟ್ಟರು! ಡೌನ್ ಜಿಲ್ಲೆಯ ಎಂಟು ಸ್ಥಾನಗಳಲ್ಲಿ ಕ್ರೇಗನೂ ಅವನ ಕಡೆಯ ಐವರೂ ಆರನ್ನು ಪಡೆದರು. ಒಂದು ಡಿ ವಲೇರಾನಿಗೆ, ಒಂದು ರಾಷ್ಟ್ರೀಯ ಪಕ್ಷಕ್ಕೆ ಹೋಯಿತು. ಬೇರೆ ಪದ್ಧತಿಯಿದ್ದಿದ್ದರೆ ಇಬ್ಬರಲ್ಲೊಬ್ಬನು ಗೆದ್ದು ಇನ್ನೊಬ್ಬನು ಸೋಲಬೇಕಾಗಿತ್ತು. ಈ ಪದ್ಧತಿಯಲ್ಲಿ ಡೌನಿನ ಪ್ರಜೆಗಳು ತಮ್ಮಲ್ಲಿದ್ದ ಎರಡು ಮನಸ್ಸುಗಳನ್ನೂ ಉಳ್ಳುದನ್ನು ಉಳ್ಳಂತೆ ಹೇಳಿದರು. ಪ್ರಾತಿನಿಧ್ಯವೆಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನವು ದೊರೆಯಲಾರದು.

೪

ಮತದಾರರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಮತವಿತ್ತರು. ಯೂನಿಯನಿಸ್ಟರಿಗೆ ೪೦ ಸ್ಥಾನಗಳು, ಷಿನ್ ಫೇನಿಗೆ ೬, ರಾಷ್ಟ್ರೀಯ ಪಕ್ಷಕ್ಕೆ ೬. ಆರ್ಮಾದಿಂದ ಮೈಕೆಲ್ ಕಾಲಿನ್ಸ್, ಟೈರೋನ್–ಫರ್ಮಾನಾದಿಂದ ಆರ್ಥರ್ ಗ್ರಿಫಿತ್ ಆಯ್ಕೆಯಾದರು. ಡೆವ್ಲಿನ್ನನು ಪಶ್ಚಿಮ ಬೆಲ್‌ಫಾಸ್ಟ್, ಆಂಟ್ರಿಮ್ ಎರಡರಿಂದಲೂ ಗೆದ್ದನು. ಡೆಹ್ರಾ ಚಿಚೆಸ್ಟರ್, ಜೂಲಿಯಾ ಮೆಕ್‌ಮಾರ್ಡಿ ಎಂಬ ಇಬ್ಬರು ಮಹಿಳೆಯರು ಯೂನಿಯನಿಸ್ಟ್ ಪಕ್ಷದಿಂದ ಸಭೆಯನ್ನು ಪ್ರವೇಶಿಸಿದರು. ಟೈರೋನ್–ಫರ್ಮಾನಾದಲ್ಲಿ ಎಂಟು ಸ್ಥಾನಗಳು ಸರಿಸಮವಾಗಿ ನಾಲ್ಕು ನಾಲ್ಕಾಗಿ ಹಂಚಿದುವು.

ಪದ್ಧತಿಯಲ್ಲಿ ಕೊರತೆಯಿರಲಿಲ್ಲವೆಂದಲ್ಲ. ಮೂರರಲ್ಲೆರಡು ಪಾಲು ಮತಗಳಿಗೆ ೫೨ರಲ್ಲಿ ೪೦ ಸ್ಥಾನಗಳು ದಕ್ಕಿದುವಷ್ಟೆ. ಶುದ್ಧ ತ್ರೈರಾಶಿಯಂತೆ ಲೆಕ್ಕ ಹಾಕಿದರೆ ೩೫ ಬರಬೇಕಾಗಿತ್ತು. ನಾಲ್ಕು ಸ್ಥಾನಗಳ ಕ್ಷೇತ್ರದಲ್ಲಿ ಐದರಲ್ಲೊಂದು ಪಾಲು ಮತ ಮುಟ್ಟದ ಪಕ್ಷಕ್ಕೆ ಏನೂ ಸಿಕ್ಕದು. ಆದುದರಿಂದ ಬೆಲ್‌ಫಾಸ್ಟಿನ ೧೬ರಲ್ಲಿ ಡೆವ್ಲಿನ್ನನ ಒಂದು ಹೊರತು ಉಳಿದ ೧೫ ಯೂನಿಯನಿಸ್ಟರ ಪಾಲಾದುವು. ವಿಶ್ವವಿದ್ಯಾಲಯದ ನಾಲ್ಕೂ ಅವರಿಗೇ ಹೋದುವು. ಕ್ಷೇತ್ರವು ಚಿಕ್ಕದಾದಷ್ಟೂ ಪ್ರಮಾಣವು ಒರಟಾಗುತ್ತದೆಂಬುದನ್ನು ಈ ಅಂಕಿಗಳೇ ತೋರಿಸುತ್ತವೆ.

ದಕ್ಷಿಣ ಐರ್ಲೆಂಡಿನಲ್ಲಾದರೋ ಮತದಾನವೇ ನಡೆಯಲಿಲ್ಲ. ೧೨೮ ಸ್ಥಾನಗಳಿಗೂ ಪ್ರತಿಸ್ಪರ್ಧಿಗಳಿಲ್ಲದೆ, ೧೨೪ ಷಿನ್ ಫೇನಿಗೂ ೪ ಡಬ್ಲಿನ್ ವಿಶ್ವವಿದ್ಯಾಲಯದ ಯೂನಿಯನಿಸ್ಟರಿಗೂ ಸಂದುವು. ಜೂನ್ ೨೨ರಂದು ದೊರೆ ಐದನೆಯ ಜಾರ್ಜನು ಬೆಲ್‌ಫಾಸ್ಟಿನ ಪುರಭವನದಲ್ಲಿ ಉತ್ತರದ ಪಾರ್ಲಿಮೆಂಟನ್ನು ತೆರೆದು, ಐರ್ಲೆಂಡಿನವರೆಲ್ಲರೂ ಪರಸ್ಪರ ಕ್ಷಮೆಯಿಂದಿರಬೇಕೆಂದು ಕೋರಿದನು. ಜುಲೈ ೧೧ರಂದು ಯುದ್ಧವಿರಾಮವಾಯಿತು. ಆದರೆ ಆ ದಿನ ಸಭೆಯಲ್ಲಿದ್ದವರು ಯೂನಿಯನಿಸ್ಟರು ಮಾತ್ರ. ಅಲ್ಪಸಂಖ್ಯಾತರಿಗಾಗಿ ಹಾಕಿದ ಪೀಠಗಳು ಬರಿದಾಗಿದ್ದುವು. ಪೀಠವನ್ನು ನಿರಾಕರಿಸಿದ ತಪ್ಪು ಅವರದೂ ಹೌದೆಂಬುದನ್ನು ಚರಿತ್ರಕಾರನು ಮರೆಯಬಾರದು.

೫

ಇನ್ನು ಪದ್ಧತಿಯು ಹೇಗೆ ಅಳಿಯಿತೆಂಬುದನ್ನು ನೋಡಬೇಕು. ಮೊದಲ ಪೆಟ್ಟು ಬಿದ್ದುದು ಸ್ಥಳೀಯ ಸಂಸ್ಥೆಗಳ ಮೇಲೆ. ೧೯೨೦ರ ಜನವರಿಯಲ್ಲಿ ಲಂಡನ್‌ಡೆರಿ—ಕ್ಯಾಥೊಲಿಕರ ಬಾಯಲ್ಲಿ ಡೆರಿ—ನಗರಸಭೆಗೆ ಪ್ರಮಾಣಾನುಸಾರ ಚುನಾವಣೆಯಾಗಿ, ರಾಷ್ಟ್ರೀಯ ಪಕ್ಷಗಳಿಗೆ ಅಲ್ಪ ಬಹುಮತ ಬಂದಿತ್ತು. ಹ್ಯೂ ಓ’ಡಾಹರ್ಟಿ ಎಂಬ ಕ್ಯಾಥೊಲಿಕನು ನಗರಾಧ್ಯಕ್ಷನಾದನು. ಹದಿನೇಳನೆಯ ಶತಮಾನದಿಂದೀಚೆಗೆ ಆ ಪೀಠವನ್ನು ಯಾವ ಕ್ಯಾಥೊಲಿಕನೂ ಏರಿರಲಿಲ್ಲ. ೧೯೨೨ರಲ್ಲಿ ಕ್ರೇಗನ ಸರ್ಕಾರವು ಸ್ಥಳೀಯ ಚುನಾವಣೆಗಳಿಂದ ಈ ಪದ್ಧತಿಯನ್ನು ಕಿತ್ತುಹಾಕುವ ಮಸೂದೆಯನ್ನು ಅಂಗೀಕರಿಸಿತು. ಲಂಡನ್ನು ದೊರೆಯ ಅಂಕಿತವನ್ನು ಕೆಲವು ವಾರ ತಡೆಹಿಡಿಯಿತು. ಬೆಲ್‌ಫಾಸ್ಟಿನ ಸರ್ಕಾರವು ರಾಜೀನಾಮೆಯ ಬೆದರಿಕೆಯೊಡ್ಡಿದ ಮೇಲೆ ಅಂಕಿತ ಬಿದ್ದಿತು. ಮುಂದೆ ಗಡಿಗಳನ್ನೂ ಹೊಸದಾಗಿ ಎಳೆದರು. ೧೯೩೬ರ ವಿಂಗಡಣೆಯ ಮೇಲಂತೂ, ಕ್ಯಾಥೊಲಿಕರೇ ಹೆಚ್ಚಾಗಿದ್ದ ಡೆರಿಯ ನಗರಸಭೆಯಲ್ಲಿ ಯೂನಿಯನಿಸ್ಟರಿಗೆ ೧೨, ರಾಷ್ಟ್ರೀಯರಿಗೆ ೮ ಸ್ಥಾನಗಳೆಂಬುದು ಕಲ್ಲಿನಲ್ಲಿ ಕೊರೆದಂತಾಯಿತು.

ಪಾರ್ಲಿಮೆಂಟಿನ ಸರದಿ ಬಂದುದು ೧೯೨೫ರ ಚುನಾವಣೆಯ ತರುವಾಯ. ಆ ಏಪ್ರಿಲಿನಲ್ಲಿ ಯೂನಿಯನಿಸ್ಟರು ೪೦ರಿಂದ ೩೨ಕ್ಕೆ ಇಳಿದರು. ಅವರು ಕಳೆದುಕೊಂಡುದು ಯಾರಿಗೆ? ರಾಷ್ಟ್ರೀಯ ಪಕ್ಷಕ್ಕೆ ೧೦, ಗಣರಾಜ್ಯವಾದಿಗಳಿಗೆ ೨—ಹಿಂದಿದ್ದ ಹನ್ನೆರಡೇ ಹನ್ನೆರಡು. ಹೊಸದಾಗಿ ಬಂದವರು ಕಾರ್ಮಿಕ ಪಕ್ಷದವರು ೩, ಸ್ವತಂತ್ರ ಯೂನಿಯನಿಸ್ಟರು ೪, ರೈತರ ಪರವಾದ ಒಬ್ಬನು. ಬೆಲ್‌ಫಾಸ್ಟಿನಲ್ಲಿ ಸರ್ಕಾರದ ಪಕ್ಷವು ೧೫ರಿಂದ ೮ಕ್ಕೆ ಕುಸಿದಿತ್ತು. ಪ್ರಾಟೆಸ್ಟೆಂಟ್ ಕೂಲಿಗಾರನು ತನ್ನ ಧ್ವಜವನ್ನು ಬಿಡದೆಯೇ ತನ್ನ ಹೊಟ್ಟೆಯ ಮಾತನ್ನೂ ಹೇಳಲು ೧, ೨, ೩ ಎಂಬ ಅಂಕಿಗಳಿಂದ ಕಲಿತಿದ್ದನು. ಆ ವರ್ಷವೇ ಡೆವ್ಲಿನ್ನನೂ ಪ್ರತಿಜ್ಞೆಯನ್ನು ಸಡಿಲಿಸಿ ಸಭೆಯೊಳಕ್ಕೆ ಬಂದು ಕುಳಿತನು. ಅವನ ಹಿಂದೆ ಇತರರೂ ಬಂದರು. ಅಂದರೆ ಪದ್ಧತಿಯು ಫಲ ಕೊಡಲಾರಂಭಿಸಿದ ಕಾಲವೇ ಅದನ್ನು ಕಡಿಯುವ ಕಾಲವಾಯಿತು.

ಪ್ರಜೆಗಳ ಮುಂದೆ ಎರಡೇ ಸ್ಪಷ್ಟವಾದ ಪಕ್ಷಗಳಿರಬೇಕು, ಉಳಿದುದೆಲ್ಲ ಗೊಂದಲವೆಂಬುದು ಕ್ರೇಗನ ವಾದವಾಗಿತ್ತು. ೧೯೨೯ರಲ್ಲಿ ಶಾಸನವಾಯಿತು. ವಿಶ್ವವಿದ್ಯಾಲಯವೊಂದರ ಹೊರತು ಉಳಿದೆಡೆಯಲ್ಲೆಲ್ಲ ಒಂದು ಕ್ಷೇತ್ರಕ್ಕೆ ಒಬ್ಬನೇ ಪ್ರತಿನಿಧಿ ಎಂದಾಯಿತು. ಆ ವರ್ಷದ ಮೇ ೨೨ರಂದು ನಡೆದ ಚುನಾವಣೆಯಲ್ಲಿ ಯೂನಿಯನಿಸ್ಟರು ೩೭, ರಾಷ್ಟ್ರೀಯರು ೧೧, ಸ್ವತಂತ್ರ ಯೂನಿಯನಿಸ್ಟರು ೩, ಕಾರ್ಮಿಕ ಪಕ್ಷ ೧. ಇಲ್ಲಿ ಸೂಕ್ಷ್ಮವೊಂದುಂಟು. ಕ್ಯಾಥೊಲಿಕರ ಸ್ಥಾನಗಳು ಹನ್ನೆರಡರಿಂದ ಹನ್ನೊಂದಾದುವು, ಅಷ್ಟೆ. ಫರ್ಮಾನಾದಲ್ಲಿ ಅವರೇ ಹೆಚ್ಚಾಗಿದ್ದರೂ ಮೂರರಲ್ಲಿ ಎರಡು ಸ್ಥಾನ ಯೂನಿಯನಿಸ್ಟರಿಗೆ ಹೋಯಿತೆಂಬ ಅನ್ಯಾಯವಿದ್ದರೂ, ಒಟ್ಟು ಸಂಖ್ಯೆಯಲ್ಲಿ ಭಾರಿ ಪಲ್ಲಟವಾಗಲಿಲ್ಲ. ಪೆಟ್ಟು ಬಿದ್ದುದು ನಡುವೆ ನಿಂತವರಿಗೆ. ಎದುರಾಳಿಯನ್ನು ಮಣಿಸಲು ಬಹುಸಂಖ್ಯಾತರಿಗೆ ಈ ಶಾಸನವು ಬೇಕಾಗಿರಲಿಲ್ಲ. ತಮ್ಮ ಮನೆಯೊಳಗೆ ಎದ್ದ ಬೇರೆ ಮಾತನ್ನು ಅಡಗಿಸಲು ಬೇಕಾಗಿತ್ತು.

ಇದರ ಫಲವಾಗಿ ಚುನಾವಣೆಯು ಜನಗಣತಿಯಂತಾಯಿತು. ಯಾವ ಕ್ಷೇತ್ರದಲ್ಲಿ ಯಾವ ಮತದವರು ಹೆಚ್ಚೆಂಬುದು ಮುಂಚೆಯೇ ಗೊತ್ತಿರುವಲ್ಲಿ ಸ್ಪರ್ಧಿಸುವುದು ಯಾರಿಗೆ ಬೇಕು? ೧೯೩೩ರ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ಪ್ರತಿಸ್ಪರ್ಧಿಯಿಲ್ಲದೆ ತುಂಬಿದುವು. ಡೆವ್ಲಿನ್ನನೂ ಸಂಗಡಿಗರೂ ೧೯೩೨ರಲ್ಲಿ ಬೇಸತ್ತು ಸಭೆಯಿಂದ ಹೊರನಡೆದರು. ೧೯೩೪ರ ಜನವರಿಯಲ್ಲಿ ಅವನು ತೀರಿಕೊಂಡನು. ಕ್ರೇಗನು ೧೯೪೦ರಲ್ಲಿ ಸಾಯುವವರೆಗೂ ಮುಖ್ಯಾಧಿಕಾರದಲ್ಲಿದ್ದನು. ಅವನ ಪಕ್ಷವು ೧೯೭೨ರವರೆಗೆ ಒಮ್ಮೆಯೂ ಅಧಿಕಾರದಿಂದಿಳಿಯಲಿಲ್ಲ.

ಅತ್ತ ದಕ್ಷಿಣದಲ್ಲಿ ಬೇರೊಂದು ದೃಶ್ಯ. ಅಲ್ಲಿಯ ಸ್ವತಂತ್ರ ರಾಜ್ಯವು ಪ್ರಮಾಣಾನುಸಾರ ಪದ್ಧತಿಯನ್ನು ೧೯೨೨ರಲ್ಲಿ ತನ್ನ ಸಂವಿಧಾನದಲ್ಲಿಯೇ ಬರೆದುಕೊಂಡಿತು. ಅದನ್ನು ತೆಗೆಯಬೇಕೆಂದು ಆಳುವ ಪಕ್ಷವು ೧೯೫೯ರಲ್ಲಿಯೂ ೧೯೬೮ರಲ್ಲಿಯೂ ಪ್ರಜೆಗಳನ್ನೇ ಕೇಳಿತು. ಪ್ರಜೆಗಳು ಎರಡು ಬಾರಿಯೂ ಒಲ್ಲೆವೆಂದರು. ದಾರದ ತುದಿಯು ಅಲ್ಲಿ ಸರ್ಕಾರದ ಕೈಯಲ್ಲಿರಲಿಲ್ಲ, ಪ್ರಜೆಗಳ ಕೈಯಲ್ಲಿತ್ತು.

೬

ಸಭೆಯೊಳಗೆ ಎಡೆ ದೊರೆಯದ ಮಾತು ಬೀದಿಯನ್ನು ಹುಡುಕಿಕೊಂಡು ಹೋಗುತ್ತದೆ. ೧೯೬೮ರ ಅಕ್ಟೋಬರ್ ೫ರಂದು ಪೌರಹಕ್ಕುಗಳಿಗಾಗಿ ಹೊರಟ ಮೆರವಣಿಗೆಯ ಮೇಲೆ ಪೊಲೀಸರ ಲಾಠಿ ಬಿದ್ದುದು ಅದೇ ಡೆರಿ ನಗರದಲ್ಲಿ. ಸ್ಥಳೀಯ ಚುನಾವಣೆಗಳಲ್ಲಿ ಸಮಾನ ಮತಾಧಿಕಾರ, ನ್ಯಾಯವಾದ ಗಡಿಗಳು, ಮನೆಗಳ ಹಂಚಿಕೆಯಲ್ಲಿ ಸಮತೆ—ಇವು ಆ ಮೆರವಣಿಗೆಯ ಹಿಂದಿದ್ದ ಬೇಡಿಕೆಗಳು. ಮುಂದಿನ ಮೂವತ್ತು ವರ್ಷಗಳಲ್ಲಿ ಮೂರೂವರೆ ಸಾವಿರದಷ್ಟು ಮಂದಿ ಪ್ರಾಣ ಕಳೆದುಕೊಂಡರು. ಇಷ್ಟೆಲ್ಲಕ್ಕೂ ಎಣಿಕೆಯ ಪದ್ಧತಿಯೊಂದೇ ಕಾರಣವೆಂದರೆ ಅತಿವ್ಯಾಪ್ತಿದೋಷವಾದೀತು. ಭೂಮಿ, ಮತ, ಉದ್ಯೋಗ, ಹಳೆಯ ಹಗೆ ಎಲ್ಲವೂ ಇದ್ದುವು. ಆದರೆ ಹಗೆಯನ್ನು ಮಾತಿಗೆ ತಿರುಗಿಸುವ ಒಂದು ಕಾಲುವೆಯನ್ನು ಮುಚ್ಚಿದವರು ಯಾರೆಂಬುದು ದಾಖಲೆಯಾಗಿಯೇ ಇದೆ.

೧೯೭೨ರ ಮಾರ್ಚಿನಲ್ಲಿ ಲಂಡನ್ ಸರ್ಕಾರವು ಆ ಪಾರ್ಲಿಮೆಂಟನ್ನು ಅಮಾನತಿನಲ್ಲಿಟ್ಟಿತು. ಮರುವರ್ಷ ಹೊಸ ಸಭೆಯೊಂದನ್ನು ರಚಿಸುವಾಗ ಮೊದಲು ಹುಡುಕಿದುದು ೧೯೨೧ರ ಪದ್ಧತಿಯನ್ನೇ. ೧೯೭೩ರ ಜೂನ್ ೨೮ರಂದು ೭೮ ಸ್ಥಾನಗಳಿಗೆ ಮತ್ತೆ ೧, ೨, ೩ ಎಂದು ಜನರು ಗುರುತುಮಾಡಿದರು. ಆದರೆ ಎರಡು ಪಕ್ಷಗಳೂ ಕೂಡಿ ನಡೆಸಿದ ಮಂತ್ರಿಮಂಡಲವು ಯೂನಿಯನಿಸ್ಟ್ ಕೆಲಸಗಾರರ ಮುಷ್ಕರದಿಂದ ೧೯೭೪ರ ಮೇ ತಿಂಗಳಿನಲ್ಲಿ ಬಿದ್ದುಹೋಯಿತು. ಕಾಲ ಮೀರಿದ ಮೇಲೆ ಕೊಟ್ಟ ಔಷಧವು ಕೂಡಲೇ ಹತ್ತುವುದಿಲ್ಲ. ಮತ್ತೆ ಕಾಲು ಶತಮಾನದ ಬಳಿಕ, ೧೯೯೮ರ ಏಪ್ರಿಲಿನ ಒಪ್ಪಂದದನಂತರ, ಜೂನ್ ೨೫ರಂದು ೧೦೮ ಸ್ಥಾನಗಳಿಗೆ ಅದೇ ಪದ್ಧತಿಯಲ್ಲಿ ಚುನಾವಣೆಯಾಯಿತು. ದೊಡ್ಡ ಪಕ್ಷಗಳ ನಡುವೆ, ಎರಡು ಮತಗಳ ಸ್ತ್ರೀಯರೂ ಕೂಡಿ ಕಟ್ಟಿದ ಮಹಿಳಾ ಸಂಘಟನೆಗೂ ಎರಡು ಸ್ಥಾನಗಳು ದೊರೆತುವು.

ಕೋಡಿಯ ನೀರಿನ ಬಲವೆಂತಹುದೆಂಬುದು ೨೦೨೨ರ ಮೇ ೫ರ ಚುನಾವಣೆಯಲ್ಲಿ ಕಾಣಿಸಿತು. ಸಭೆಯ ಸ್ಥಾನಗಳು ಆಗ ೯೦. ಎರಡು ಮತಗಳ ಭೇದವನ್ನೂ ಒಪ್ಪದ ಅಲಯನ್ಸ್ ಪಕ್ಷವು ನೂರಕ್ಕೆ ೧೩.೫ರಷ್ಟು ಮೊದಲ ಪ್ರಾಶಸ್ತ್ಯಗಳನ್ನು ಪಡೆದು ೧೭ ಸ್ಥಾನಗಳನ್ನು ಗೆದ್ದಿತು. ಕಟ್ಟಾ ಯೂನಿಯನಿಸ್ಟರ ಒಂದು ಪಕ್ಷವು ೭.೬ರಷ್ಟು ಪಡೆದೂ ಒಂದೇ ಸ್ಥಾನಕ್ಕೆ ನಿಂತಿತು. ತನ್ನವರಿಗೆ ಪ್ರಿಯನಾದರೆ ಸಾಲದು, ಎದುರಿನವನ ಎರಡನೆಯ ಮೂರನೆಯ ಇಷ್ಟಕ್ಕೂ ಪಾತ್ರನಾಗಬೇಕೆಂಬುದು ಈ ಪದ್ಧತಿಯು ಕಲಿಸುವ ವಿನಯ. ಆ ಚುನಾವಣೆಯಲ್ಲಿ ೨೭ ಸ್ಥಾನಗಳೊಡನೆ ಷಿನ್ ಫೇನ್ ಪ್ರಥಮ ಸ್ಥಾನಕ್ಕೆ ಬಂದಿತು. ೧೯೨೧ರಲ್ಲಿ ಆರು ಸ್ಥಾನ ಗೆದ್ದು, ಒಂದರಲ್ಲಿಯೂ ಕೂರದಿದ್ದ ಪಕ್ಷದ ಮಿಷೆಲ್ ಓ’ನೀಲ್ ಎಂಬಾಕೆಯು ೨೦೨೪ರ ಫೆಬ್ರವರಿಯಲ್ಲಿ ಪ್ರಥಮ ಮಂತ್ರಿಣಿಯಾದಳು.

ಈ ಸಭೆಯೂ ೧೯೯೮ರಿಂದೀಚೆಗೆ ಹಲವು ಬಾರಿ, ಕೆಲವೊಮ್ಮೆ ವರ್ಷಗಟ್ಟಲೆ, ಸ್ತಬ್ಧವಾಗಿ ನಿಂತಿತು. ಎಣಿಕೆಯು ನ್ಯಾಯವಾದ ಮಾತ್ರಕ್ಕೆ ಮನಸ್ಸುಗಳು ಕೂಡುವುದಿಲ್ಲ. ಮನಸ್ಸುಗಳು ಕೂಡದಿದ್ದರೂ ಒಂದೇ ಚಾವಣಿಯ ಕೆಳಗೆ ಕುಳಿತು ಜಗಳವಾಡಲು ಎಡೆಮಾಡಿಕೊಡುವುದಷ್ಟೇ ಅದರ ಕೆಲಸ. ೧೯೨೧ರ ಮೇ ತಿಂಗಳಿನಲ್ಲಿ ಡೌನ್ ಜಿಲ್ಲೆಯ ಮತಪೆಟ್ಟಿಗೆಗಳಿಂದ ಕ್ರೇಗನೂ ಡಿ ವಲೇರಾನೂ ಒಟ್ಟಿಗೆ ಹೊರಬಂದಾಗ ಆ ಎಡೆಯು ತೆರೆದಿತ್ತು. ಒಂದು ಪಕ್ಷದವರು ಅದರೊಳಗೆ ಕಾಲಿಡಲಿಲ್ಲ. ಇನ್ನೊಂದು ಪಕ್ಷದವರು, ಇವರು ಕಾಲಿಟ್ಟ ಮೇಲೆ, ಅದನ್ನು ಮುಚ್ಚಿದರು. ಭೂಯಸಾಂ ನ್ಯಾಯವನ್ನು ನಡೆಯಿಸುವವರು ಅಲ್ಪಸಂಖ್ಯೆಯವರನ್ನೂ ಲೆಕ್ಕಕ್ಕೆ ಹಿಡಿದೇ ತಮ್ಮ ಹೆಚ್ಚಳವನ್ನು ಕಾಣಬೇಕು. ಲೆಕ್ಕದಿಂದಲೇ ಅವರನ್ನು ಬಿಟ್ಟ ಮೇಲೆ ಉಳಿಯುವುದು ಸಂಖ್ಯೆಯ ಬಲವೇ ಹೊರತು ನ್ಯಾಯವಲ್ಲ.